ಒಂದಗುಳು ಸಾಕೆ?

ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡುವುದು ವಾಡಿಕೆ. ಶಾಸ್ತ್ರಜ್ಞರು ಇದನ್ನೇ ಸ್ಥಾಲೀಪುಲಾಕ ನ್ಯಾಯವೆಂದರು. ಕೆಲವರನ್ನು ಪರೀಕ್ಷಿಸಿ ಎಲ್ಲರ ವಿಷಯವನ್ನು ಊಹಿಸುವ ಸಂಖ್ಯಾಶಾಸ್ತ್ರಕ್ಕೂ ಇದೇ ತಳಹದಿ. ಆದರೆ ಈ ನ್ಯಾಯಕ್ಕೆ ಒಂದು ಕಟ್ಟಳೆ ಉಂಟು: ಪಾತ್ರೆಯೊಳಗಿನ ಅಕ್ಕಿಯೆಲ್ಲ ಒಂದೇ ಹದದಲ್ಲಿ ಬೇಯುತ್ತಿರಬೇಕು. ರೋಗರುಜಿನಗಳ ಲೆಕ್ಕದಲ್ಲಿ ಹಾಗಿರುವುದು ಅಪರೂಪ.

ಹಬ್ಬದ ಹಿಂದಿನ ಸಂಜೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಿಂತು, ನೂರು ಜನರ ಕೈಚೀಲಗಳನ್ನು ನೋಡಿ, ಊರಿನವರೆಲ್ಲ ಹೊಸ ಬಟ್ಟೆ ಕೊಂಡಿದ್ದಾರೆ ಎಂದರೆ ಯಾರೂ ಒಪ್ಪರು. ಕೊಳ್ಳಲಾರದವರು ಆ ಬೀದಿಗೆ ಬಂದೇ ಇರುವುದಿಲ್ಲವಷ್ಟೆ. ಆದರೆ ಅಲ್ಲಿಗೆ ಸಮೀಪದ ಬೌರಿಂಗ್ ಆಸ್ಪತ್ರೆಯಂಥ ಕಡೆ ಬಂದ ರೋಗಿಗಳನ್ನು ಎಣಿಸಿ, ನಾಡಿನ ಆರೋಗ್ಯ ಇಂತಹುದು ಎಂದರೆ ಸುಲಭವಾಗಿ ತಲೆದೂಗುತ್ತೇವೆ. ಆಸ್ಪತ್ರೆಯ ಪುಸ್ತಕದಲ್ಲಿರುವುದು ಬಂದವರ ಹೆಸರು ಮಾತ್ರ.

ಕ್ಷಯರೋಗದ ವಿಷಯದಲ್ಲಿ ಹೀಗೆಯೇ ಆಗಿತ್ತು. ಅದು ಪಟ್ಟಣಗಳ ರೋಗವೆಂಬ ನಂಬಿಕೆ ಬಹುಕಾಲ ಇತ್ತು. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜನರಿರುವಲ್ಲಿಗೇ ಹೋಗಿ ಸಮೀಕ್ಷೆ ನಡೆಸಿದಾಗ, ಹಳ್ಳಿಗಳಲ್ಲಿಯೂ ಕ್ಷಯ ಪಟ್ಟಣಗಳಷ್ಟೇ ಇದೆಯೆಂದು ತಿಳಿಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ಕೈಗೊಂಡಿತು. ಅಲ್ಲಿನ ರೋಗಿಗಳನ್ನು ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೆ ಹೋಗಿದ್ದರು; ಆದರೆ ಕೆಮ್ಮಿನ ಔಷಧ ಪಡೆದು ಹಿಂತಿರುಗಿದ್ದರು. ಅವರು ಆಸ್ಪತ್ರೆಗೆ ಬಂದಿದ್ದರೂ ಕ್ಷಯದ ಲೆಕ್ಕಕ್ಕೆ ಸೇರಿರಲಿಲ್ಲ!

ಇನ್ನೊಂದು ತೊಡಕು ಆಕಸ್ಮಿಕದ್ದು. ಅಂದಿನ ಸಮೀಕ್ಷೆಗಳಲ್ಲಿ ಕಫದಲ್ಲಿ ಕ್ಷಯಾಣು ಕಂಡವರು ಸಾವಿರಕ್ಕೆ ಸುಮಾರು 4 ಮಂದಿ. ಹಾಗಾದರೆ ಸಾವಿರ ಜನರಿರುವ ಒಂದು ಹಳ್ಳಿಯಲ್ಲಿ 2, ಪಕ್ಕದ ಹಳ್ಳಿಯಲ್ಲಿ 7 ಸಿಕ್ಕಿದರೆ, ಮೊದಲನೆಯ ಊರಿನ ನೀರು ಒಳ್ಳೆಯದೆನ್ನಬಹುದೆ? ಕೂಡದು. ಸರಾಸರಿ 4 ಇರುವಲ್ಲಿ ಅಷ್ಟು ಏರುಪೇರು ಬರಿಯ ಆಕಸ್ಮಿಕದಿಂದಲೇ ಆಗಬಲ್ಲದು. 30,000 ಮಂದಿಯನ್ನು ಪರೀಕ್ಷಿಸಿದರೆ ಸುಮಾರು 120 ರೋಗಿಗಳು ಸಿಗಬೇಕು. ಆಗ ಆಕಸ್ಮಿಕದ ಏರುಪೇರು ಐದರಲ್ಲೊಂದು ಪಾಲನ್ನು ಮೀರುವುದು ವಿರಳ. ಆದುದರಿಂದಲೇ ಇಂಥ ಸಮೀಕ್ಷೆಗಳು ಅಷ್ಟು ದೊಡ್ಡವಾಗಿರಬೇಕಾಗುತ್ತದೆ. ಆದರೆ ಒಂದು ಎಚ್ಚರಿಕೆ: ಎಣಿಕೆ ಹಿಗ್ಗಿದಂತೆ ಆಕಸ್ಮಿಕದ ದೋಷ ತಗ್ಗುತ್ತದೆ, ಆಯ್ಕೆಯ ದೋಷ ತಗ್ಗುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಲಕ್ಷ ಜನರನ್ನು ಎಣಿಸಿದರೂ ಮನೆಯಲ್ಲುಳಿದವರ ವಿಷಯ ತಿಳಿಯದು.

ಇದು ಪಂಡಿತರ ಚರ್ಚೆಗಷ್ಟೇ ಸೇರಿದ ಮಾತಲ್ಲ. ಔಷಧ, ವೈದ್ಯರು, ಹಣ ಯಾವ ಊರಿಗೆ ಹೋಗಬೇಕೆಂಬುದು ಇಂಥ ಲೆಕ್ಕಗಳಿಂದ ತೀರ್ಮಾನವಾಗುತ್ತದೆ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ, ಚಿಕಿತ್ಸೆಯನ್ನು ಪಟ್ಟಣದ ದೊಡ್ಡ ಆಸ್ಪತ್ರೆಗಳಿಗೇ ಬಿಡದೆ ಸಾಮಾನ್ಯ ಆರೋಗ್ಯ ಕೇಂದ್ರಗಳಿಗೂ ತಂದುದಕ್ಕೆ ಈ ಸಮೀಕ್ಷೆಗಳೇ ಆಧಾರ. ಇನ್ನು ಮುಂದೆ, ಇಂಥ ಮದ್ದಿನಿಂದ ನೂರಕ್ಕೆ ತೊಂಬತ್ತು ಮಂದಿ ಗುಣವಾದರೆಂಬ ಸುದ್ದಿ ಓದಿದಾಗ ವಾಚಕರು ಎರಡು ಪ್ರಶ್ನೆ ಹಾಕಿಕೊಳ್ಳಲಿ: ಎಷ್ಟು ಮಂದಿಯನ್ನು ನೋಡಿದರು? ಯಾರನ್ನು ನೋಡಲಿಲ್ಲ?