ಕಲ್ಲಿನ ಬಾಣ, ಕಬ್ಬಿಣದ ಬಾಣ

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಹೊರಗೋಡೆಯನ್ನು ಒಂದು ಸುತ್ತು ಬರುವವರಿಗೆ ಬಾಣಗಳ ಮಳೆಯೇ ಎದುರಾಗುತ್ತದೆ. ರಾಮಾಯಣ, ಮಹಾಭಾರತದ ಕಾಳಗಗಳಲ್ಲಿ ಬಿಲ್ಲುಗಳು ಹೆದೆಯೇರಿವೆ, ರಥಗಳು ಎದುರುಬದುರಾಗಿ ನಿಂತಿವೆ. ಬೇಲೂರು, ಅರಸೀಕೆರೆ ಸೀಮೆಯ ವೀರಗಲ್ಲುಗಳಲ್ಲೂ ಆಯುಧ ಹಿಡಿದ ವೀರರು ಕಾಣುತ್ತಾರೆ. ಆದರೆ ಆ ಕಾಲದ ನಿಜವಾದ ಬಾಣವೊಂದು ಕೈಗೆ ಸಿಗುವುದು ಅಪರೂಪ. ಬಿಲ್ಲು, ಕತ್ತಿ ಮನೆಯಲ್ಲಿ ಉಳಿದಾವು. ಬಾಣ ಮಾತ್ರ ಬಿಟ್ಟು ಕಳೆದುಕೊಳ್ಳುವುದಕ್ಕೆಂದೇ ಹುಟ್ಟಿದ್ದು. ಆದ್ದರಿಂದಲೇ ಬಳಕೆಯಾಗದೆ ಉಳಿದ ಹಳೆಯ ಮದ್ದುಗುಂಡಿಗೆ ಇತಿಹಾಸದಲ್ಲಿ ವಿಶೇಷ ಬೆಲೆ.

ಪಶ್ಚಿಮ ದೇಶಗಳಲ್ಲಿ ಇಂಥವನ್ನು ಸಂಗ್ರಹಿಸುವುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಎರಡು ಮಹಾಯುದ್ಧಗಳ ನಡುವೆ ಇಟಲಿಯಲ್ಲಿ ತಯಾರಾದ ಬಂದೂಕಿನ ತೋಟಾಗಳನ್ನು ನೋಡಬಹುದು. ಹಿತ್ತಾಳೆಯ ಬುಡದಲ್ಲಿ ಕಾರ್ಖಾನೆಯ ಗುರುತಿನ ಜೊತೆಗೆ ಇಸವಿಯ ಮೂರು ಅಂಕಿಗಳನ್ನು ಒತ್ತಿರುತ್ತಾರೆ. 936 ಎಂದಿದ್ದರೆ ಅದು 1936, ಇಟಲಿಯು ಇಥಿಯೋಪಿಯವನ್ನು ನುಂಗಿದ ವರ್ಷ. 1938ರಲ್ಲಿ ಆ ಸೇನೆ 6.5 ಮಿ.ಮೀ. ತೋಟಾವನ್ನು ಬಿಟ್ಟು 7.35 ಮಿ.ಮೀ.ಗೆ ಬದಲಾಗಲು ಹೊರಟಿತು. ಯುದ್ಧ ಹತ್ತಿರವಾದಾಗ ಎರಡು ಬಗೆಯನ್ನು ಪೂರೈಸಲಾಗದೆ ಮತ್ತೆ ಹಳೆಯದಕ್ಕೇ ಮರಳಿತು. ಬೆರಳುದ್ದದ ತೋಟಾ ಒಂದು ದೇಶದ ಹುನ್ನಾರವನ್ನೂ ಗೊಂದಲವನ್ನೂ ಹೀಗೆ ಹೇಳಿಬಿಡುತ್ತದೆ.

ಇದಕ್ಕಿಂತ ಹಿರಿಯ ಸಂಗ್ರಹವೊಂದು ಕರ್ನಾಟಕದಲ್ಲೇ ಇದೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಗ್ರಾಮದ ಪಾಳುಬಾವಿಯೊಂದರಲ್ಲಿ 2002ರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ದೊರೆತವು. ಅವು ಟಿಪ್ಪು ಸುಲ್ತಾನನ ಕಾಲದ ರಾಕೆಟ್‌ಗಳೆಂದು ಮುಂದೆ ಗುರುತಾಯಿತು. ಬಾವಿಯ ಕೆಸರಿನಲ್ಲಿ ಮದ್ದಿನ ವಾಸನೆ ಇದ್ದುದರಿಂದ ಪುರಾತತ್ವ ಇಲಾಖೆಯವರು 2018ರಲ್ಲಿ ಅಲ್ಲಿ ಅಗೆಸಿದರು. ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಅವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯ ಸೇರಿದವು.

ನಗರದಲ್ಲಿ ಇವು ಸಿಕ್ಕಿದ್ದು ಆಕಸ್ಮಿಕವಲ್ಲ. ಕೆಳದಿ ನಾಯಕರ ರಾಜಧಾನಿಯಾಗಿದ್ದ ಈ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು ಹೈದರ್‌ನಗರ ಎಂದು ಕರೆದ. 1783ರಲ್ಲಿ ಬ್ರಿಟಿಷರು ಹಿಡಿದುಕೊಂಡ ಕೋಟೆಯನ್ನು ಟಿಪ್ಪು ಅದೇ ವರ್ಷ ಮರಳಿ ಪಡೆದ.

ಜನ ಈ ಅಸ್ತ್ರವನ್ನೂ 'ಬಾಣ' ಎಂದೇ ಕರೆದರು. ಬಿದಿರಿನ ಕೋಲಿಗೆ ಕಟ್ಟಿ ಹಾರಿಸುತ್ತಿದ್ದುದರಿಂದ ಆ ಹೆಸರು ಒಪ್ಪುತ್ತದೆ. ಯೂರೋಪಿನ ಆಗಿನ ಬಾಣಗಳಿಗೆ ಕಾಗದದ ಕೊಳವೆಯಿದ್ದರೆ ಮೈಸೂರಿನವಕ್ಕೆ ಕಬ್ಬಿಣದ ಕೊಳವೆ. ಕಬ್ಬಿಣ ಹೆಚ್ಚು ಒತ್ತಡ ತಾಳುತ್ತದೆ. ಹಾಗಾಗಿ ಮದ್ದನ್ನು ಬಿಗಿಯಾಗಿ ತುಂಬಬಹುದು, ಬಾಣ ಹೆಚ್ಚು ದೂರ ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿದ ಮಾದರಿಗಳು ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು. 1807ರಲ್ಲಿ ಕೋಪನ್‌ಹೇಗನ್ ನಗರ ಅವನ ರಾಕೆಟ್‌ಗಳ ಬೆಂಕಿಗೆ ತುತ್ತಾಯಿತು.

ಒಂದು ಮಾದರಿ ಸಿಕ್ಕರೆ ಅದರ ಆಕಾರವಷ್ಟೇ ತಿಳಿದೀತು. ಸಾವಿರ ಸಿಕ್ಕರೆ ಅಳತೆಗಳನ್ನು ಹೋಲಿಸಿ, ಕಮ್ಮಾರರ ಕೆಲಸದ ಹದವನ್ನೇ ತಿಳಿಯಲು ದಾರಿಯಾಗುತ್ತದೆ. ಆದರೆ ನೀರಿನಿಂದ ಮೇಲೆ ಬಂದ ಕಬ್ಬಿಣ ಗಾಳಿ ತಾಗಿದೊಡನೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಅಗೆದು ತೆಗೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಉಳಿಸುವ ಹೊಣೆ ಅಲ್ಲಿಂದಲೇ ಶುರು.

ಹೊಲದಲ್ಲೋ ಹಳೆಯ ಮನೆಯ ಅಟ್ಟದಲ್ಲೋ ಇಂಥದ್ದು ಕಂಡರೆ ಗುಜರಿಗೆ ಹಾಕುವುದೂ ತಪ್ಪು, ಕುಟ್ಟಿ ನೋಡುವುದೂ ತಪ್ಪು. ಎಷ್ಟೇ ಹಳೆಯದಾದರೂ ಮದ್ದು ಸಿಡಿದೀತು. ಜೀವಂತ ತೋಟಾ ಇಟ್ಟುಕೊಳ್ಳಲು ಪರವಾನಗಿಯೂ ಬೇಕು. ಮುಟ್ಟದೆ ಪೊಲೀಸರಿಗೆ ತಿಳಿಸುವುದೇ ಕ್ಷೇಮ. ಹೊಯ್ಸಳರ ಶಿಲ್ಪಿ ಬಾಣವನ್ನು ಕಲ್ಲಿನಲ್ಲಿ ಕಡೆದು ಉಳಿಸಿದ. ನಗರದ ಬಾಣಗಳನ್ನು ಎರಡು ಶತಮಾನಕ್ಕೂ ಮಿಕ್ಕಿ ಕೆಸರು ಕಾಯಿತು. ಇನ್ನು ಕಾಯಬೇಕಾದವರು ಮನುಷ್ಯರು.