ತೀವ್ರ ಗಾಯಗಳ ಲೆಕ್ಕಕ್ಕೆ ಪೊಲೀಸ್ ದಾಖಲೆ ಸಾಲದೇ?

ಬೀದರ್ ಜಿಲ್ಲೆಯ ಹುಮನಾಬಾದಿಗೆ ತಾಗಿಕೊಂಡಂತೆ ಮಾಣಿಕನಗರವಿದೆ. ಮಾಣಿಕಪ್ರಭು ಸಂಸ್ಥಾನದಿಂದ ಹೆಸರಾದ ಊರು ಇದು. ಪುಣೆ-ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಈ ಸೀಮೆಯ ಮೇಲೆಯೇ ಹಾದುಹೋಗುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ಒಂದು ರಾತ್ರಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಲಿಗೆ ಬೈಕ್ ಸವಾರನೊಬ್ಬ ಗುದ್ದಿದ ಎಂದುಕೊಳ್ಳಿ. ತೊಡೆಯ ಮೂಳೆ ಮುರಿದಿದೆ, ತಲೆಗೆ ಪೆಟ್ಟಾಗಿ ಪ್ರಜ್ಞೆ ಇಲ್ಲ. ಹುಮನಾಬಾದಿನಲ್ಲಿ ಪ್ರಥಮ ಚಿಕಿತ್ಸೆ, ಅಲ್ಲಿಂದ ಬೀದರ್, ಅಲ್ಲಿಂದ ಹೈದರಾಬಾದ್. ಹನ್ನೊಂದನೆಯ ದಿನ ಅಲ್ಲಿ ತೀರಿಕೊಳ್ಳುತ್ತಾನೆ.

ಈ ಸಾವು ಯಾವ ಪುಸ್ತಕದಲ್ಲಿ ದಾಖಲಾಗುತ್ತದೆ? ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಇದೆ. ಬೀದರಿನ ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಮುಂದಿನ ಚಿಕಿತ್ಸೆಗೆ ಕಳಿಸಲಾಗಿದೆ’ ಎಂಬ ಒಂದು ಸಾಲು ಇದೆ. ಹೈದರಾಬಾದಿನಲ್ಲಿ ಪರಊರಿನ ರೋಗಿಯೊಬ್ಬನ ಮರಣ ದಾಖಲೆ ಇದೆ. ಮೂರೂ ಸುಳ್ಳಲ್ಲ. ಆದರೆ ಆತ ಮೊದಲ ವೈದ್ಯರ ಕೈ ಸೇರಲು ಎಷ್ಟು ಹೊತ್ತು ಹಿಡಿಯಿತು, ತಲೆಯ ಸ್ಕ್ಯಾನ್ ಯಾವಾಗ ಆಯಿತು, ಆತ ಬದುಕಬಹುದಿತ್ತೇ ಎಂಬುದಕ್ಕೆ ಮೂರರಲ್ಲೂ ಉತ್ತರವಿಲ್ಲ. ಈ ಮೂರು ಪುಸ್ತಕಗಳನ್ನು ಒಂದು ಮಾಡುವ ವ್ಯವಸ್ಥೆಗೆ ಟ್ರಾಮಾ ರಿಜಿಸ್ಟ್ರಿ, ಅಂದರೆ ತೀವ್ರ ಗಾಯಗಳ ನೋಂದಣಿ ಎನ್ನುತ್ತಾರೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇವು ಪೊಲೀಸ್ ದಾಖಲೆಯಿಂದ ಬಂದ ಅಂಕಿಗಳು. ಸತ್ತವರೂ ಗಾಯಾಳುಗಳೂ ಇಷ್ಟು ಹತ್ತಿರ ಹತ್ತಿರ ಇರುವುದು ನೋಡಿದರೆ, ಸಣ್ಣಪುಟ್ಟ ಪೆಟ್ಟಿನವರು ಮಾತ್ರವಲ್ಲ, ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದವರೂ ಎಷ್ಟೋ ಮಂದಿ ಲೆಕ್ಕದ ಹೊರಗೆ ಉಳಿದಿರಬೇಕು ಅನ್ನಿಸುತ್ತದೆ.

‘ತೀವ್ರ ಗಾಯ’ ಎಂದರೆ ಯಾವುದು?

ಪೊಲೀಸರ ಅಳತೆ ಕಾನೂನಿನದು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಒಂದು ಹಲ್ಲು ಮುರಿದರೂ ಅದು ತೀವ್ರ ಗಾಯವೇ. ನ್ಯಾಯಾಲಯಕ್ಕೆ ಅದು ಸರಿ. ಆದರೆ ಹೊಟ್ಟೆಯೊಳಗೆ ಗುಲ್ಮ ಸೀಳಿ ರಕ್ತ ಸೋರುತ್ತಿರುವವನು ರಸ್ತೆಯ ಬದಿಯಲ್ಲಿ ನೋಡುವವರ ಕಣ್ಣಿಗೆ ತರಚು ಗಾಯದವನಂತೆ ಕಾಣಬಹುದು. ಅದಕ್ಕಾಗಿ ವೈದ್ಯರ ಅಳತೆ ಬೇರೆ. 1974ರಲ್ಲಿ ಅಮೆರಿಕದ ಸೂಸನ್ ಬೇಕರ್ ಮತ್ತು ಸಂಗಡಿಗರು ರೂಪಿಸಿದ ಐಎಸ್‌ಎಸ್ ಎಂಬ ಅಂಕವನ್ನು ಇಂದಿಗೂ ಬಳಸುತ್ತಾರೆ. ಪ್ರತಿ ಗಾಯಕ್ಕೂ 1ರಿಂದ 6ರ ತನಕ ಒಂದು ಅಂಕ. ದೇಹವನ್ನು ಆರು ಭಾಗ ಮಾಡಿ, ಹೆಚ್ಚು ಪೆಟ್ಟು ಬಿದ್ದ ಮೂರು ಭಾಗಗಳ ಅತಿ ದೊಡ್ಡ ಅಂಕಗಳ ವರ್ಗಗಳನ್ನು ಕೂಡಿಸಬೇಕು.

ನಮ್ಮ ಬೈಕ್ ಸವಾರನನ್ನೇ ನೋಡಿ. ತಲೆಯ ಗಾಯಕ್ಕೆ 4 ಎಂದಾದರೆ ಅದರ ವರ್ಗ 16. ತೊಡೆ ಮೂಳೆಗೆ 3, ವರ್ಗ 9. ಒಟ್ಟು 25. ಈ ಅಂಕ 15 ದಾಟಿದರೆ ತೀವ್ರ ಗಾಯ ಎಂದು ಲೆಕ್ಕ, ಗರಿಷ್ಠ 75. (ಲೆಕ್ಕದ ಹುಚ್ಚು ಇರುವವರಿಗೆ: ಈ ಸೂತ್ರದಲ್ಲಿ ಸರಿಯಾಗಿ 15 ಬರಲು ಸಾಧ್ಯವೇ ಇಲ್ಲ, ಮಾಡಿ ನೋಡಿ.)

ಈ ಅಂಕದ ಜೊತೆಗೆ ವಯಸ್ಸು, ರಕ್ತದೊತ್ತಡ, ಉಸಿರಾಟ, ಪ್ರಜ್ಞೆಯ ಮಟ್ಟ ಸೇರಿಸಿದರೆ ಇಂಥ ರೋಗಿ ಬದುಕುವ ಸಂಭವ ಎಷ್ಟು ಎಂದು ಅಂದಾಜು ಮಾಡಬಹುದು. ರಿಜಿಸ್ಟ್ರಿಯ ಜೀವಾಳ ಇರುವುದು ಇಲ್ಲೇ. ‘ಆ ದೊಡ್ಡಾಸ್ಪತ್ರೆಗೆ ಹೋದವರು ತಿರುಗಿ ಬರೋದಿಲ್ಲ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಸಾವು ಹೆಚ್ಚಿರುವ ಆಸ್ಪತ್ರೆ ಕೆಟ್ಟದ್ದು ಎಂಬುದು ತಪ್ಪು ತಿಳಿವಳಿಕೆ. ಕೈಬಿಟ್ಟ ರೋಗಿಗಳೆಲ್ಲ ಅಲ್ಲಿಗೇ ಬರುವುದರಿಂದ ಸಾವೂ ಅಲ್ಲೇ ಹೆಚ್ಚು. ನೂರು ಜನರಲ್ಲಿ 30 ಜನ ಸಾಯಬಹುದು ಎಂಬ ಅಂದಾಜಿರುವಲ್ಲಿ 22 ಜನ ಸತ್ತರೆ ಅದು ಒಳ್ಳೆಯ ಆಸ್ಪತ್ರೆ. 5ರ ಅಂದಾಜಿರುವಲ್ಲಿ 9 ಜನ ಸತ್ತರೆ ಅಲ್ಲಿ ಏನೋ ಎಡವಟ್ಟಾಗಿದೆ.

ಇದರಿಂದ ಪ್ರಯೋಜನವಾದ ಉದಾಹರಣೆ ಇದೆಯೇ? ಇಂಗ್ಲೆಂಡಿನಲ್ಲಿ 2012ರಲ್ಲಿ ಗಾಯಾಳುಗಳನ್ನು ಸಜ್ಜಾದ ಕೇಂದ್ರಗಳಿಗೇ ಒಯ್ಯುವ ಜಾಲಗಳನ್ನು ಕಟ್ಟಿದರು. ‘ಟಾರ್ನ್’ ಎಂಬ ಅವರ ರಿಜಿಸ್ಟ್ರಿಯ ಮಾಹಿತಿಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2008ಕ್ಕೆ ಹೋಲಿಸಿದರೆ ಬದುಕುವ ಸಾಧ್ಯತೆಯ ಅನುಪಾತ ಶೇ. 19ರಷ್ಟು ಏರಿತ್ತು. ಇನ್ನೊಂದು ಅಚ್ಚರಿಯೂ ಅದೇ ರಿಜಿಸ್ಟ್ರಿಯಿಂದ ಹೊರಬಿತ್ತು: ವಯಸ್ಸಾದವರ ತೀವ್ರ ಗಾಯಗಳಿಗೆ ಅತಿ ಸಾಮಾನ್ಯ ಕಾರಣ ವಾಹನವಲ್ಲ, ಎರಡು ಮೀಟರಿಗಿಂತ ಕಡಿಮೆ ಎತ್ತರದಿಂದ ಬೀಳುವುದು. ಬಚ್ಚಲಲ್ಲಿ ಜಾರಿದ ಅಜ್ಜಿಗೆ ಎಫ್‌ಐಆರ್ ಇರುವುದಿಲ್ಲವಲ್ಲ.

ಹಾಗಾದರೆ ಎಲ್ಲರನ್ನೂ ಬರೆದುಕೊಂಡರಾಯಿತಲ್ಲ ಎನ್ನಬಹುದು. ಆಗದು. ಟಾರ್ನ್ ಕೂಡ ಆಸ್ಪತ್ರೆಯಲ್ಲಿ ಮೂರು ದಿನ ಉಳಿದವರು, ತೀವ್ರ ನಿಗಾ ಘಟಕ ಸೇರಿದವರು, ಬೇರೆಡೆಗೆ ಕಳಿಸಲ್ಪಟ್ಟವರು, ಸತ್ತವರು ಎಂದು ಗೆರೆ ಹಾಕಿಕೊಂಡಿತ್ತು. ಗಾಯಗಳನ್ನು ಅಂಕಕ್ಕಿಳಿಸಲು ತರಬೇತಾದ, ಸಂಬಳ ಪಡೆಯುವ ಜನ ಬೇಕು. ರಾತ್ರಿಪಾಳಿಯ ನರ್ಸ್ ಮೇಲೆ ಇನ್ನೊಂದು ಫಾರಂ ಹೇರಿದರೆ ಅರ್ಧ ಕಲಮುಗಳು ಖಾಲಿ ಉಳಿಯುತ್ತವೆ. ಖಾಲಿ ಉಳಿಯುವುದು ಸಾಮಾನ್ಯವಾಗಿ ಸಮಯದ ಕಲಮು, ಬೇಕಾಗಿರುವುದೂ ಅದೇ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ವಿಚಾರ ನೋಡಿ. ಭಾರತವೂ ಸೇರಿ 40 ದೇಶಗಳ 20,211 ರೋಗಿಗಳ ಮೇಲೆ ನಡೆದ ‘ಕ್ರ್ಯಾಶ್-2’ ಪ್ರಯೋಗದ ಪ್ರಕಾರ ಮೂರು ಗಂಟೆಯೊಳಗೆ ಕೊಟ್ಟರೆ ಜೀವ ಉಳಿಸುತ್ತದೆ, ಆಮೇಲೆ ಕೊಟ್ಟರೆ ಕೇಡಾಗಬಹುದು. ಪೆಟ್ಟಾದ ಹೊತ್ತು, ಸೂಜಿ ಚುಚ್ಚಿದ ಹೊತ್ತು ಬರೆದಿಲ್ಲದಿದ್ದರೆ ನಮ್ಮಲ್ಲಿ ಯಾರಿಗೆ ಸಕಾಲಕ್ಕೆ ಸಿಕ್ಕಿತು ಎಂದು ಹೇಗೆ ತಿಳಿಯುವುದು?

ಗಡಿಜಿಲ್ಲೆಗಳಿಗೆ ಇನ್ನೊಂದು ತೊಡಕಿದೆ, ಹೆಸರಿನದು. ಈ ಭಾಗದಲ್ಲಿ ಮಾಣಿಕಪ್ಪ, ಮಾಣಿಕರಾವ್, ಮಾಣಿಕ್ ಎಂಬ ಹೆಸರುಗಳು ಧಾರಾಳ. ಒಬ್ಬನೇ ರೋಗಿ ಹುಮನಾಬಾದಿನಲ್ಲಿ ಒಂದು ಬಗೆ, ಸೊಲ್ಲಾಪುರದಲ್ಲಿ ಇನ್ನೊಂದು ಬಗೆ, ಹೈದರಾಬಾದಿನಲ್ಲಿ ಮತ್ತೊಂದು ಬಗೆಯಾಗಿ ದಾಖಲಾದರೆ ಕಂಪ್ಯೂಟರಿಗೆ ಅವರು ಮೂವರು. 14 ಅಂಕಿಯ ‘ಆಭಾ’ ಸಂಖ್ಯೆ ಇದಕ್ಕೆ ಪರಿಹಾರವಾಗಬಲ್ಲದು, ಆದರೆ ಪ್ರಜ್ಞೆ ತಪ್ಪಿದವನು ಸಂಖ್ಯೆ ಹೇಳುವುದಿಲ್ಲ. ಆದ್ದರಿಂದ ಗಾಯಾಳುವಿನ ಜೊತೆಗೇ ಸಾಗುವ ಒಂದು ಗುರುತಿನ ಪಟ್ಟಿಯನ್ನು ಮೊದಲ ಆಸ್ಪತ್ರೆಯೇ ಕೈಗೆ ಕಟ್ಟಬೇಕು.

ಭಾರತದಲ್ಲಿ ಪ್ರಯತ್ನ ಆಗಿಯೇ ಇಲ್ಲ ಎಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2007ರ ಸುಮಾರಿಗೆ ಪೊಲೀಸರು ಮತ್ತು ಆಸ್ಪತ್ರೆಗಳನ್ನು ಸೇರಿಸಿಕೊಂಡು ಗಾಯಗಳ ನಿಗಾ ಯೋಜನೆ ನಡೆಸಿತು. ‘ಟಿಟ್ಕೊ’ ಯೋಜನೆ 2013ರಿಂದ 2015ರವರೆಗೆ ಮುಂಬೈ, ದೆಹಲಿ, ಕೋಲ್ಕತ್ತದ ನಾಲ್ಕು ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 16,000 ಗಾಯಾಳುಗಳ ವಿವರ ಕಲೆಹಾಕಿತು. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಕೇಂದ್ರ ಸರ್ಕಾರದ್ದೇ ಒಂದು ನೋಂದಣಿ ಕೇಂದ್ರವಿದೆ. ಐಐಟಿ ಮದ್ರಾಸ್ ರೂಪಿಸಿದ ‘ಐರಾಡ್’ ಎಂಬ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆ ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಪೊಲೀಸರ ಜೊತೆ ಆಸ್ಪತ್ರೆಗೂ ಅದರಲ್ಲಿ ಜಾಗವಿದೆ. ಆದರೆ ಅದು ರಸ್ತೆಗೆ ಮಾತ್ರ. ತೊಗರಿ ರಾಶಿ ಮಾಡುವ ಯಂತ್ರಕ್ಕೆ ಕೈ ಸಿಕ್ಕವರು, ಬಾವಿಗೆ ಬಿದ್ದವರು, ಎತ್ತು ತಿವಿದವರು ಅದರೊಳಗೆ ಬರುವುದಿಲ್ಲ.

ಮಾಹಿತಿಯನ್ನು ಒಂದೆಡೆ ಕೂಡಿಡುವುದರಲ್ಲಿ ಅಪಾಯವೂ ಇದೆ. 2023ರ ಜೂನ್‌ನಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮೇಲೆ ಸೈಬರ್ ದಾಳಿಯಾದಾಗ ಅಲ್ಲಿದ್ದ ಟಾರ್ನ್ ಸ್ಥಗಿತಗೊಂಡಿತು. ಮೂರು ದಶಕ ನಡೆದ ವ್ಯವಸ್ಥೆ ಮತ್ತೆ ಏಳಲಿಲ್ಲ. ಅದರ ಜಾಗದಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ಹೊಸ ರಾಷ್ಟ್ರೀಯ ರಿಜಿಸ್ಟ್ರಿಯನ್ನೇ ಕಟ್ಟಬೇಕಾಯಿತು, ಆ ನಡುವೆ ಆಸ್ಪತ್ರೆಗಳಿಗೆ ತಮ್ಮ ಕೆಲಸವನ್ನು ದೇಶದ ಉಳಿದವರ ಜೊತೆ ಹೋಲಿಸಿ ನೋಡುವ ದಾರಿಯೇ ಇರಲಿಲ್ಲ.