ಮದ್ದಿನ ಕೋವಿಗೆ ಹದವೇ ಕಾವಲು

ನಂಜನಗೂಡು, ತಿ. ನರಸೀಪುರದ ಕಡೆ ಹೊಲ ಕಾಯುವುದೆಂದರೆ ರಾತ್ರಿ ಕೆಲಸ. ಕಬಿನಿ, ಕಾವೇರಿ ನಾಲೆಗಳ ನೀರು ಹರಿದಲ್ಲೆಲ್ಲ ಭತ್ತ, ಕಬ್ಬು, ಬಾಳೆ. ಕಬ್ಬು ಆಳೆತ್ತರ ಬೆಳೆಯಿತೆಂದರೆ ಒಳಗೆ ಹಂದಿಯ ಹಿಂಡು ಬೀಡುಬಿಟ್ಟಿರುತ್ತದೆ. ಬಂಡೀಪುರ ಕಾಡಿಗೆ ಅಂಟಿಕೊಂಡ ಹೆಡಿಯಾಲದ ಭಾಗದಲ್ಲಿ ಆನೆಯ ಕಾಟವೂ ಸೇರಿಕೊಳ್ಳುತ್ತದೆ. ಅಟ್ಟಣೆ, ತಮಟೆ, ಪಟಾಕಿ, ಟಾರ್ಚು ಇವುಗಳ ಜೊತೆಗೆ ಕೆಲವು ಮನೆಗಳಲ್ಲಿ ಇನ್ನೊಂದು ಸಾಮಾನೂ ಇದೆ: ಬಾಯಿಯ ಕಡೆಯಿಂದ ಮದ್ದು ತುಂಬಿ ಹೊಡೆಯುವ ಒಂಟಿ ನಳಿಗೆಯ ಕೋವಿ. ಕಚೇರಿಯ ಕಡತದಲ್ಲಿ ಅದರ ಹೆಸರು ಎಸ್‌ಬಿಎಂಎಲ್. ಜನರ ಬಾಯಲ್ಲಿ ಮದ್ದಿನ ಕೋವಿ, ಕೇಪಿನ ಕೋವಿ, ನಾಡಬಂದೂಕು.

ತೋಟಾ ಕೋವಿಗೆ ಈಡನ್ನು ಕಾರ್ಖಾನೆಯೇ ಕಟ್ಟಿ ಕೊಡುತ್ತದೆ. ಮದ್ದಿನ ಕೋವಿಯಲ್ಲಿ ಒಂದೊಂದು ಈಡನ್ನೂ ಹೊಡೆಯುವವನೇ ನಳಿಗೆಯೊಳಗೆ ಕಟ್ಟಬೇಕು. ಹಾಗಾಗಿ ಈ ಕೋವಿಯಲ್ಲಿ ಗುರಿ ಬೇರೆ, ಸುರಕ್ಷತೆ ಬೇರೆ ಎಂಬುದಿಲ್ಲ. ಗುರಿ ಕೆಡಿಸುವ ಉದಾಸೀನವೇ ಒಂದು ದಿನ ಕೈಯನ್ನೂ ಸುಡುತ್ತದೆ.

ಕಾನೂನಿನಲ್ಲಿ ಇದರ ಜಾಗ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದೇ ಈ ಕೋವಿಯನ್ನು. ಇದರಿಂದ ಬೆಳೆ ಉಳಿಯದು ಎಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕಿಗೆ ಅನುಮತಿ. ಕಾಡಂಚಿನವರಿಗೆ ಇನ್ನೊಂದು ಗಂಟೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಸುತ್ತ 10 ಕಿ.ಮೀ. ಒಳಗೆ ಹೊಸ ಪರವಾನಗಿ ಬೇಕೆಂದರೆ ಮುಖ್ಯ ವನ್ಯಜೀವಿ ವಾರ್ಡನ್ ಮೊದಲೇ ಒಪ್ಪಬೇಕು.

ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ನಾಲ್ವರು ಚಿರತೆಗೆ ಬಲಿಯಾದಾಗ ಊರುಗಳು ಹೊತ್ತು ಮುಳುಗುವ ಮುಂಚೆಯೇ ಬಾಗಿಲು ಹಾಕಿಕೊಳ್ಳುತ್ತಿದ್ದವು. ಆಗಲೂ ಚಿರತೆ ಹಿಡಿಯುವ ಹೊಣೆ ಅರಣ್ಯ ಇಲಾಖೆಯದೇ ಆಗಿತ್ತು. ಸರ್ಕಾರ ಅದಕ್ಕೆಂದೇ ಚಿರತೆ ಕಾರ್ಯಪಡೆ ರಚಿಸಿತು. ಕಾಡುಹಂದಿಯನ್ನು ಕೊಲ್ಲುವುದಕ್ಕೂ ಇಲಾಖೆಯ ಅನುಮತಿ ಬೇಕು. ರೈತನ ಕೈಯಲ್ಲಿ ಈ ಕೋವಿ ಹೆಚ್ಚಾಗಿ ಮಾಡುವ ಕೆಲಸ ಸದ್ದು ಮಾಡಿ ಬೆದರಿಸುವುದು.

ಚುನಾವಣೆ ಘೋಷಣೆಯಾಯಿತೆಂದರೆ ಕೋವಿ ಠಾಣೆ ಸೇರುತ್ತದೆ. ಬೆಳೆ ಕೈಗೆ ಬರುವ ಹೊತ್ತಿನಲ್ಲೇ ಕಾವಲು ಕೈತಪ್ಪುತ್ತದೆಂದು ಮಲೆನಾಡಿನಿಂದ ಮೈಸೂರಿನವರೆಗೂ ರೈತರ ದೂರು ಇದ್ದೇ ಇದೆ. ವಿನಾಯಿತಿ ಬೇಕಾದವರು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬೇಕು.

ಬತ್ತಿಯಿಂದ ಕೇಪಿಗೆ

ಮದ್ದಿಗೆ ಕಿಡಿ ಮುಟ್ಟಿಸುವ ಬಗೆಯಲ್ಲೇ ಈ ಕೋವಿಯ ಚರಿತ್ರೆಯಿದೆ. ಮೊದಲು ಉರಿಯುವ ಬತ್ತಿ, ಆಮೇಲೆ ಚಕಮಕಿ ಕಲ್ಲು. ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದಲ್ಲಿ ತಯಾರಾದ, ಹುಲಿಮುಖ, ಹುಲಿಪಟ್ಟೆಗಳ ಅಲಂಕಾರದ ಕೋವಿಗಳು ಚಕಮಕಿಯವು. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಹಡಗು ಹತ್ತಿದ ಅವುಗಳಲ್ಲಿ ಹಲವು ಈಗ ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ತಾಮ್ರದ ಪುಟ್ಟ ಟೋಪಿಯ ರೂಪ ತಾಳಿ ಕೇಪು ಆಯಿತು. ಕೇಪು ಬಂದ ಮೇಲೆ ತುಂತುರು ಮಳೆಯಲ್ಲೂ ಕೋವಿ ಕೈಕೊಡುವುದು ಕಡಿಮೆಯಾಯಿತು.

ಈಡು ಕಟ್ಟುವ ಕ್ರಮ

ಮೊದಲು ನಳಿಗೆ ಖಾಲಿಯಿದೆಯೇ ಎಂದು ನೋಡಬೇಕು. ಇಣುಕಿ ನೋಡುವುದಲ್ಲ, ಈಡು ಜಡಿಯುವ ಕೋಲಾದ ಗಜವನ್ನು ಇಳಿಸಿ ನೋಡುವುದು. ಬಲ್ಲವರ ಗಜದ ಮೇಲೆ ಎರಡು ಗೆರೆಗಳಿರುತ್ತವೆ. ಖಾಲಿ ನಳಿಗೆಯಲ್ಲಿ ಗಜ ತಳ ಮುಟ್ಟಿದಾಗ ಬಾಯಿಗೆ ಸರಿಯಾಗಿ ನಿಲ್ಲುವುದು ಒಂದು ಗೆರೆ. ಸರಿಯಾಗಿ ತುಂಬಿದ ಈಡಿನ ಮೇಲೆ ಕೂತಾಗ ಬಾಯಿಗೆ ನಿಲ್ಲುವುದು ಇನ್ನೊಂದು. ಎರಡನೆಯ ಗೆರೆ ಬಾಯಿಯಿಂದ ಮೇಲೆಯೇ ಉಳಿದರೆ ಗುಂಡು ಮದ್ದಿನ ಮೇಲೆ ಕೂತಿಲ್ಲವೆಂದೇ ಅರ್ಥ. ಮದ್ದಿಗೂ ಗುಂಡಿಗೂ ನಡುವೆ ತೆರಪು ಬಿಟ್ಟು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಕ್ರಮ ಹೀಗೆ: ಅಳೆದ ಮದ್ದು, ಅದರ ಮೇಲೆ ತೆಂಗಿನ ಕತ್ತ ಅಥವಾ ಬಟ್ಟೆ, ಆಮೇಲೆ ಗುಂಡು ಇಲ್ಲವೇ ಚರೆ. ಚರೆಯಾದರೆ ಉರುಳಿ ಬೀಳದಂತೆ ಮೇಲೊಂದು ಅಡಕ. ಕೇಪು ಎಲ್ಲಕ್ಕೂ ಕೊನೆಗೆ. ಅದೂ ಮೂತಿ ಗುರಿಯ ಕಡೆ ತಿರುಗಿದ ಮೇಲೆ. ಮದ್ದನ್ನು ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಕೂಡದು. ಹಿಂದಿನ ಈಡಿನ ಕಿಡಿಯೊಂದು ಒಳಗೆ ಉಳಿದಿದ್ದರೆ ಇಡೀ ಬುರುಡೆಯೇ ಕೈಯಲ್ಲಿ ಸಿಡಿಯುತ್ತದೆ. ಮೊದಲು ಅಳತೆಯ ಬಟ್ಟಲಿಗೆ, ಆಮೇಲೆ ನಳಿಗೆಗೆ. ತೋಟಾ ಬಿಚ್ಚಿ ತೆಗೆದ ಹೊಗೆರಹಿತ ಮದ್ದನ್ನು ಇದಕ್ಕೆ ಹಾಕಲೇಬಾರದು. ಅದರ ಒತ್ತಡ ತಡೆಯುವ ನಳಿಗೆ ಇದಲ್ಲ.

ಬಿಲ್ಲು (ಟ್ರಿಗರ್) ಎಳೆದಾಗ ಕುದುರೆ (ಹ್ಯಾಮರ್) ಬಡಿದು ಕೇಪು ಮಾತ್ರ ಸಿಡಿದು ಈಡು ಹಾರದಿದ್ದರೆ ಅನನುಭವಿಗಳು ತಕ್ಷಣ ಕೋವಿ ತಿರುಗಿಸಿ ನೋಡುತ್ತಾರೆ. ಅನಾಹುತ ಆಗುವುದು ಅಲ್ಲಿಯೇ. ಮದ್ದು ಒಳಗೇ ಹೊಗೆಯಾಡುತ್ತಿದ್ದು ತಡವಾಗಿ ಹೊತ್ತಿಕೊಳ್ಳಬಹುದು. ಕನಿಷ್ಠ ಒಂದು ನಿಮಿಷ ಮೂತಿ ಗುರಿಯ ಕಡೆಗೇ ಇರಬೇಕು.

ಹದ ಮಾಡುವುದೆಂದರೆ

ಬೆಳೆ ಕೋವಿಯ ನಳಿಗೆ ನುಣುಪು. ಸ್ಪರ್ಧೆಯ ಮದ್ದಿನ ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡನ್ನು ಸುತ್ತಿ ಇಳಿಸಿದರೆ ಬಟ್ಟೆ ಆ ಗೆರೆಗಳನ್ನು ಕಚ್ಚಿ ಗುಂಡನ್ನು ತಿರುಗಿಸುತ್ತದೆ. ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಎರಡಕ್ಕೂ ಹದದ ಸೂತ್ರ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ತಯಾರಕರು ಹೇಳಿದ ಮಿತಿಯೊಳಗೆ, ಕಡಿಮೆ ಮದ್ದಿನಿಂದ ಶುರುಮಾಡಿ ಐದು ಈಡು ಕಾಗದದ ಗುರಿಗೆ ಹೊಡೆಯುವುದು, ತೂತುಗಳು ಎಷ್ಟು ಒತ್ತಾಗಿವೆ ಎಂದು ನೋಡುವುದು. ಆಮೇಲೆ ಮದ್ದು ತುಸು ಏರಿಸುವುದು, ಇಲ್ಲವೇ ಬಟ್ಟೆಯ ದಪ್ಪ ಬದಲಿಸುವುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹಾರಿ ಬಿದ್ದ ಬಟ್ಟೆಯೂ ಕತೆ ಹೇಳುತ್ತದೆ. ನಡುವೆ ಮಸಿ ಹತ್ತಿ ಅಂಚು ಗಟ್ಟಿಯಾಗಿದ್ದರೆ ಹದ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು. ಸೀಳಿದ್ದರೆ ನಳಿಗೆಯ ಬಾಯಲ್ಲೋ ಗೆರೆಯಲ್ಲೋ ಹರಿತವಿದೆ. ಕುದುರೆ ಕೇಪಿನ ನೆತ್ತಿಗೆ ನೇರ ಬಡಿಯದಿದ್ದರೆ, ಕೇಪು ಕೂರುವ ನಿಪ್ಪಲ್ಲಿನ ತೂತು ಕಟ್ಟಿದ್ದರೆ ಈಡು ತಡವಾಗುತ್ತದೆ, ಅಷ್ಟರಲ್ಲಿ ಕೈ ಅಲುಗುತ್ತದೆ. ಆದರೆ ಅರ ಹಿಡಿದು ಮನೆಯಲ್ಲೇ ರಿಪೇರಿಗೆ ಕೂರುವಂತಿಲ್ಲ. ಕೋವಿ ರಿಪೇರಿ ಕಸುಬಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ನಳಿಗೆ ಮೋಟು ಮಾಡುವುದಂತೂ ಅಪರಾಧ.

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಮಸಿ, ಉಪ್ಪುಗಳಾಗಿ ಉಳಿಯುತ್ತದೆ. ಆ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ನಾಲೆ ಬಯಲಿನ ತಂಡಿಯಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಹಿಡಿಯಲು ಸಾಕು. ಬಿಸಿನೀರಿನಲ್ಲಿ ತೊಳೆದು, ಒಣಬಟ್ಟೆ ಎಳೆದು, ಎಣ್ಣೆ ಸವರಿ ಇಟ್ಟರೆ ಕೋವಿ ತಲೆಮಾರು ಬಾಳುತ್ತದೆ.

ಇದೇ ಪಾಠ ದೊಡ್ಡ ಅಳತೆಯಲ್ಲಿ ಕಾಣುವುದು ಮೈಸೂರು ದಸರೆಯ ಕುಶಾಲತೋಪಿನಲ್ಲಿ. ಅದಕ್ಕೆ ಬಳಸುವ ಅರಮನೆಯ ಏಳು ಫಿರಂಗಿಗಳೂ ಬಾಯಿಂದ ತುಂಬುವಂಥವೇ. ವಿಜಯದಶಮಿಯಂದು 21 ಸುತ್ತು ಹಾರಿಸುವ ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು ವಾರಗಳ ಮುಂಚಿನಿಂದ ಮದ್ದಿಲ್ಲದೆ ಒಣ ತಾಲೀಮು ಮಾಡುತ್ತಾರೆ. ಒಂದು ಸುತ್ತು ಹಾರಿದೊಡನೆ ನಳಿಗೆಯೊಳಗೆ ಒದ್ದೆ ಕೋಲು ಆಡಿಸಿ ಕಿಡಿ ಆರಿಸಿದ ಮೇಲೆಯೇ ಮುಂದಿನ ಮದ್ದು.

ಕಾಯಿಯೋ ಕಬ್ಬಿಣವೋ

ಕೋವಿಯನ್ನು ಹಬ್ಬದ ಪೂಜೆಗೆ ಇಡುವ ನಾಡು ಪಕ್ಕದ ಕೊಡಗು. ಸೆಪ್ಟೆಂಬರ್ 3ರ ಕೈಲ್‌ಪೊಳ್ದಿನಂದು ಕೋವಿಗೆ ತೋಕ್‌ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತಾರೆ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ. ಕಾಯಿ ಒಡೆದರೆ ಎಲ್ಲರಿಗೂ ಕಾಣುತ್ತದೆ, ಗುಂಡೂ ಹಿಂದಕ್ಕೆ ಚಿಮ್ಮುವುದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಡಿಯ ಈಚೆಗಿನ ಮೈಸೂರು ಜಿಲ್ಲೆಯ ರೈತನಿಗೆ ಆ ವಿನಾಯಿತಿ ಇಲ್ಲ.

ಅಮೆರಿಕದಲ್ಲಿ 1933ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘವೊಂದು ಮದ್ದಿನ ರೈಫಲ್ಲಿನ ಪಂದ್ಯಗಳನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಉಕ್ಕಿನ ಫಲಕಕ್ಕೆ ಹೊಡೆಯುವುದೂ ಜನಪ್ರಿಯ. ಠಣ್ ಎಂದರೆ ತಾಗಿತು. ಎದ್ದು ಹೋಗಿ ನೋಡಬೇಕಿಲ್ಲ. ಆದರೆ ಉಕ್ಕು ಬಂದದ್ದನ್ನು ಒಳಗಿಟ್ಟುಕೊಳ್ಳದು. ಮೆತ್ತನೆಯ ಸೀಸದ ಗುಂಡು ಸಮತಟ್ಟಾದ ಗಟ್ಟಿ ಫಲಕಕ್ಕೆ ಬಡಿದರೆ ಚಪ್ಪಟೆಯಾಗಿ ಅಂಚಿನುದ್ದಕ್ಕೂ ಚೂರಾಗಿ ಸಿಡಿಯುತ್ತದೆ. ಫಲಕದಲ್ಲಿ ಕುಳಿ ಬಿದ್ದಿದ್ದರೆ ಅದೇ ಚೂರು ಹೊಡೆದವನ ಕಡೆಗೇ ತಿರುಗುತ್ತದೆ. ಆದ್ದರಿಂದ ಹದಗೊಳಿಸಿದ ಗಟ್ಟಿ ಉಕ್ಕೇ ಬೇಕು, ಗುಜರಿಯ ತಗಡು ಸಲ್ಲದು. ಮೇಲಂಚು ಹೊಡೆಯುವವನ ಕಡೆ ತುಸು ವಾಲುವಂತೆ ಸರಪಳಿಯಲ್ಲಿ ತೂಗಿಬಿಟ್ಟರೆ ಚೂರು ನೆಲ ಸೇರುತ್ತದೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ, ನೋಡುವವರಿಗೂ ಸೇರಿ ಎಲ್ಲರಿಗೂ ಕನ್ನಡಕ, ಕಿವಿಗೆ ಮುಚ್ಚಳ ಇರಬೇಕು. ಸೈಕಲ್ಲಿನ ಬಾಲ್ಸು, ಮೊಳೆಯ ಚೂರುಗಳನ್ನು ತುಂಬಿ ಉಕ್ಕಿಗೆ ಹೊಡೆಯುವುದು ಸಾವನ್ನು ಕರೆದಂತೆ. ನಮ್ಮಲ್ಲಿ ಇಂಥ ಅಭ್ಯಾಸ ಅನುಮತಿಯಿರುವ ಶೂಟಿಂಗ್ ರೇಂಜಿನಲ್ಲಷ್ಟೇ; ಗದ್ದೆಯ ಬದುವಿನಲ್ಲಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ಬಂದ ಮೇಲೆ ಪರವಾನಗಿಗೆ ತರಬೇತಿಯ ಪ್ರಮಾಣಪತ್ರ ಬೇಕು. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಶಿಬಿರಗಳಲ್ಲಿ ಸಾಮಾನ್ಯವಾಗಿ ಕೈಗೆ ಕೊಡುವುದು ತೋಟಾ ತುಂಬುವ ಬಂದೂಕುಗಳನ್ನು. ಬೆಳೆಗಾರನ ಮನೆಯಲ್ಲಿರುವುದು ಮದ್ದಿನ ಕೋವಿ. ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕುಗಳ ಶಿಬಿರದಲ್ಲಿ ಅರ್ಧ ದಿನವನ್ನು ಈ ಕೋವಿಗೇ ಮೀಸಲಿಟ್ಟು, ಗಜಕ್ಕೆ ಗೆರೆ ಹಾಕುವುದು, ಬಟ್ಟಲಲ್ಲಿ ಮದ್ದು ಅಳೆಯುವುದು, ಹಾರದ ಈಡನ್ನು ಕಾಯುವುದು ಇಷ್ಟನ್ನು ಕಲಿಸಿದರೂ ಸಾಕು. ಖರ್ಚಿಲ್ಲದ ಕೆಲಸ, ಉಳಿಯುವುದು ಬೆಳೆಯ ಜೊತೆಗೆ ಬೆರಳು, ಕಣ್ಣು.